ಗೇಮ್ ಮುಗಿಸೋಕಲ್ಲ, ಒಂದಷ್ಟು ದಿನ ಇದ್ದು ಬರೋಕೆ ಯಾವ ಲೋಕ ಚೆನ್ನಾಗಿದೆ?

ಓಪನ್ ವರ್ಲ್ಡ್ ಗೇಮ್ (ಒಂದು ಇಡೀ ಲೋಕದಲ್ಲಿ ನಮಗೆ ಬೇಕಾದ ಕಡೆ ತಿರುಗಾಡಬಹುದಾದ ವಿಡಿಯೋ ಗೇಮ್) ಬಗ್ಗೆ ಬರೆಯೋರೆಲ್ಲ ಕಥೆ ಹೇಗಿದೆ, ಫೈಟಿಂಗ್ ಹೇಗಿದೆ, ಗ್ರಾಫಿಕ್ಸ್ ಹೇಗಿದೆ ಅಂತಾನೇ ಬರೀತಾರೆ. ನಂಗೆ ಬೇಕಿರೋದು ಬೇರೆ. ಕೆಲಸ ಮುಗಿಸಿ ಊಟ ಮಾಡಿ ರಾತ್ರಿ ಕೂತಾಗ ಮಿಷನ್ನು ಗಿಷನ್ನು ಏನೂ ಬೇಡ, ಆ ಲೋಕದಲ್ಲಿ ಸುಮ್ನೆ ಒಂದು ಸಾಧಾರಣ ದಿನ ಕಳೀಬೇಕು, ಬೆಳಿಗ್ಗೆ ಏಳ್ಬೇಕು, ಏನಾದ್ರೂ ತಿನ್ಬೇಕು, ಸಣ್ಣಪುಟ್ಟ ಕೆಲಸ ಮಾಡಿ ನಾಲ್ಕು ಕಾಸು ದುಡೀಬೇಕು, ಯಾರ ಜೊತೆಗಾದ್ರೂ ಎರಡು ಮಾತಾಡ್ಬೇಕು, ಕತ್ತಲಾದ್ಮೇಲೆ ಮಲಗೋಕೆ ನಂದೇ ಅಂತ ಒಂದು ಜಾಗ ಇರ್ಬೇಕು. ಈ ಲೆಕ್ಕದಲ್ಲಿ ನಾನು ತುಂಬಾ ದಿನ ಇದ್ದು ನೋಡಿರೋದು ನಾಲ್ಕು ಕಡೆ: ಸ್ಕೈರಿಮ್, ವಿಚರ್ 3, ಸ್ಟಾರ್ಡ್ಯೂ ವ್ಯಾಲಿ, ರೆಡ್ ಡೆಡ್ ರಿಡೆಂಪ್ಷನ್ 2.

ಜಿಟಿಎ 5 ಯಾಕಿಲ್ಲ ಅಂತ ಕೇಳಬಹುದು. ಅದರ ಲಾಸ್ ಸ್ಯಾಂಟೋಸ್ ನಗರದಲ್ಲಿ ಕಾರು ಓಡಿಸ್ಕೊಂಡು ತಿರುಗೋಕೆ ಮಜಾ ಇದೆ, ಆದ್ರೆ ಮುಕ್ಕಾಲು ಪಾಲು ಬಾಗಿಲು ತೆರೆಯೋದೇ ಇಲ್ಲ, ಫುಟ್‌ಪಾತ್ ಮೇಲೆ ಇವತ್ತು ಸಿಕ್ಕಿದವನು ನಾಳೆ ಸಿಗಲ್ಲ. ಬ್ರೆತ್ ಆಫ್ ದ ವೈಲ್ಡ್ ಅನ್ನೋ ಗೇಮ್‌ನಲ್ಲಿ ಹಟೆನೊ ಹಳ್ಳಿಯ ಮನೆ 3000 ರುಪೀಗೆ ಸಿಗತ್ತೆ (ಅದು ಆ ಲೋಕದ ದುಡ್ಡು, ನಮ್ಮ ರೂಪಾಯಿ ಅಲ್ಲ), ಆದ್ರೆ ಅದರ ಜೀವ ಇರೋದು ಬೆಟ್ಟ ಹತ್ತೋದ್ರಲ್ಲಿ, ಅಲೆಯೋದ್ರಲ್ಲಿ. ಅದು ಅಲೆಮಾರಿಯ ಲೋಕ. ಒಂದು ಕಡೆ ನೆಲೆ ನಿಲ್ಲೋರಿಗೆ ಅಲ್ಲ.

ಇನ್ನೊಂದು ವಿಷಯ ಮೊದ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಇಂಥ ಗೇಮ್‌ಗಳಲ್ಲಿ ನೆಮ್ಮದಿಯಾಗಿ ಇರೋಕೆ ಅಡ್ಡ ಬರೋದು ಮೇನ್ ಸ್ಟೋರಿನೇ. ಅದು ನಮ್ಮನ್ನ ಯಾವಾಗ್ಲೂ ಮುಂದಕ್ಕೆ ತಳ್ತಾನೇ ಇರತ್ತೆ, ಮುಂದೆ ಹೋದ ಹಾಗೆ ಲೋಕ ಬದಲಾಗತ್ತೆ, ಕೆಲವು ಕಡೆ ಕೆಟ್ಟೂ ಹೋಗತ್ತೆ. ಹಾಗಾಗಿ ಯಾವ ಲೋಕ ಅನ್ನೋದಷ್ಟೇ ಅಲ್ಲ, ಅಲ್ಲಿ ಕಥೆನ ಯಾವ ಜಾಗದಲ್ಲಿ ನಿಲ್ಲಿಸ್ಬೇಕು ಅನ್ನೋದೂ ಅಷ್ಟೇ ಮುಖ್ಯ.

ಸ್ಕೈರಿಮ್‌ನಿಂದ ಶುರು ಮಾಡೋಣ. 2011ರ ನವೆಂಬರ್ 11ಕ್ಕೆ ಬಂದಿದ್ದು, ಮುಖಗಳು ಇವತ್ತು ನೋಡಿದ್ರೆ ಮರದ ಬೊಂಬೆ ತರ ಇವೆ, ಆದ್ರೂ ಮನೆ ಅನ್ನೋ ಭಾವನೆ ಕೊಡೋದ್ರಲ್ಲಿ ಇದನ್ನ ಮೀರಿಸಿದ್ದು ನಂಗಿನ್ನೂ ಸಿಕ್ಕಿಲ್ಲ. ಅಲ್ಲಿನ ಒಂದು ದಿನ ನಮ್ಮ 72 ನಿಮಿಷ. ವೈಟ್‌ರನ್ ಊರಲ್ಲಿ ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆಗೀತಾರೆ, ಏಡ್ರಿಯಾನ್ ಕುಲುಮೆ ಮುಂದೆ ನಿಂತು ಕೆಲಸ ಮಾಡ್ತಿರ್ತಾಳೆ, ಬ್ರೇತ್ ಅನ್ನೋ ಹುಡುಗಿ ಲಾರ್ಸ್ ಅನ್ನೋ ಹುಡುಗನ್ನ ದಿನಾ ಗೋಳುಹುಯ್ಕೋತಾಳೆ, ಸಂಜೆ ಆದ್ರೆ ಅರ್ಧ ಊರು ಬ್ಯಾನರ್ಡ್ ಮೇರ್ ಅನ್ನೋ ಛತ್ರದಲ್ಲಿ ಬೆಂಕಿ ಸುತ್ತ ಸೇರತ್ತೆ. ಅಲ್ಲೇ 5000 ಚಿನ್ನದ ನಾಣ್ಯಕ್ಕೆ ಬ್ರೀಜ್‌ಹೋಮ್ ಅನ್ನೋ ಸಣ್ಣ ಮನೆ ಸಿಗತ್ತೆ, ಕಪಾಟಲ್ಲಿ ಪುಸ್ತಕ ಜೋಡಿಸಬಹುದು, ಮೇಜಿನ ಮೇಲೆ ಬ್ರೆಡ್ಡು ಚೀಸು ಇಟ್ರೆ ಇಟ್ಟ ಜಾಗದಲ್ಲೇ ಇರತ್ತೆ.

ಸರ್ವೈವಲ್ ಮೋಡ್ ಆನ್ ಮಾಡಿದ್ರೆ ಇದು ಬೇರೆಯದೇ ಗೇಮ್. ಹಸಿವು, ಚಳಿ, ನಿದ್ದೆ ಮೂರೂ ಕಾಡತ್ತೆ, ಫಾಸ್ಟ್ ಟ್ರಾವೆಲ್ (ಮ್ಯಾಪಲ್ಲಿ ಒತ್ತಿ ಥಟ್ಟಂತ ಹೋಗೋದು) ಬಂದ್, ಒಂದೂರಿಂದ ಇನ್ನೊಂದೂರಿಗೆ ಹೋಗ್ಬೇಕಂದ್ರೆ ನಡೀಬೇಕು ಇಲ್ಲಾ ಕುದುರೆ ಇಲ್ಲಾ ಬಾಡಿಗೆ ಗಾಡಿ. ಉತ್ತರದ ವಿಂಟರ್‌ಹೋಲ್ಡ್ ಕಡೆ ಹೊರಡೋ ಮುಂಚೆ ಬಿಸಿ ಸೂಪ್ ಕಟ್ಕೊಂಡು ತುಪ್ಪಳದ ಬಟ್ಟೆ ಹಾಕ್ಕೊಂಡು ಹಗಲಲ್ಲೇ ಮುಂದಿನ ಛತ್ರ ಸೇರ್ಬೇಕು ಅಂತ ಯೋಚನೆ ಮಾಡೋ ಹಾಗೆ ಆಗತ್ತೆ, ಆಗ ಬೇರೆ ಹೊತ್ತಲ್ಲಿ ಓಡಿ ದಾಟಿ ಹೋಗ್ತಿದ್ದ ಅದೇ ದಾರಿಗೆ ಒಂದು ದೂರ, ಒಂದು ತೂಕ ಬರತ್ತೆ.

ಕಥೆ ಎಲ್ಲಿ ನಿಲ್ಲಿಸ್ಬೇಕು ಅಂದ್ರೆ ಶುರುವಲ್ಲೇ. ವೈಟ್‌ರನ್ ಪಕ್ಕದ ಕಾವಲು ಗೋಪುರಕ್ಕೆ ಡ್ರ್ಯಾಗನ್ ಬಂತು ಅನ್ನೋ ಕ್ವೆಸ್ಟ್ (ಗೇಮ್ ಕೊಡೋ ಕೆಲಸ) ಮಾಡದೆ ಬಿಟ್ರೆ ಆಮೇಲೆ ಆಕಾಶದಿಂದ ಡ್ರ್ಯಾಗನ್‌ಗಳು ಬಂದು ಎಲ್ಲೆಂದ್ರಲ್ಲಿ ಇಳಿಯೋದೇ ಇಲ್ಲ. ಬ್ರೀಜ್‌ಹೋಮ್ ಆಗಲೂ ಸಿಗತ್ತೆ, ಗೋಪುರಕ್ಕೆ ಕಳಿಸೋ ಹೊತ್ತಲ್ಲೇ ವೈಟ್‌ರನ್‌ನ ಯಾರ್ಲ್ (ಅಲ್ಲಿನ ದೊರೆ) ಮನೆ ಕೊಳ್ಳೋಕೆ ಒಪ್ಪಿಗೆ ಕೊಡ್ತಾನೆ. ಅದಲ್ದೆ ಹಾರ್ತ್‌ಫೈರ್ ಡಿಎಲ್‌ಸಿ (ಗೇಮ್‌ಗೆ ಆಮೇಲೆ ಸೇರಿಸೋ ಹೆಚ್ಚುವರಿ ಭಾಗ) ಇದ್ರೆ ಫಾಕ್ರೀತ್‌ನ ಯಾರ್ಲ್‌ಗೆ ಒಂದೆರಡು ಕೆಲಸ ಮಾಡ್ಕೊಟ್ಟು ಅದೇ 5000 ನಾಣ್ಯಕ್ಕೆ ಕಾಡಿನ ಮಧ್ಯೆ ಕೆರೆ ಕಾಣೋ ಜಾಗ ತಗೋಬಹುದು, ಲೇಕ್‌ವ್ಯೂ ಅಂತ. ಅಲ್ಲಿ ಮನೆ ನೀವೇ ಕಟ್ಬೇಕು. ಕಬ್ಬಿಣದಿಂದ ಮೊಳೆ, ಕೀಲು, ಬೀಗ ಹೊಡೀಬೇಕು, ಜಾಗದಲ್ಲೇ ಜೇಡಿಮಣ್ಣು, ಕಲ್ಲು ಅಗೀಬೇಕು, ಸಾಮಿಲ್‌ನಿಂದ ದಿಮ್ಮಿ ತರ್ಬೇಕು. ಮೊದಲು ಒಂದು ಸಣ್ಣ ಕೋಣೆ, ಆಮೇಲೆ ದೊಡ್ಡ ಹಾಲ್, ಆಮೇಲೆ ಅಡುಗೆಮನೆನೋ ಲೈಬ್ರರಿನೋ ನಿಮ್ಮಿಷ್ಟ. ಎರಡು ಮಕ್ಕಳನ್ನ ದತ್ತು ತಗೊಂಡು ಸಾಕಬಹುದು ಕೂಡ.

ಇಷ್ಟೆಲ್ಲ ಇದ್ದೂ ಅಲ್ಲಿ ನಂಗೆ ಒಂದು ಕೊರತೆ ಕಾಡ್ತು. ನಾನು ಊರು ಬಿಟ್ಟು ಎಷ್ಟು ದಿನ ಹೋದ್ರೂ ವಾಪಸ್ ಬಂದಾಗ ಅಂಗಡಿಯವನು ಅದೇ ಮಾತು, ಕಾವಲಿನವನು ಅದೇ ಮಾತು. ಮೇಜಿನ ಮೇಲಿನ ಚೀಸ್ ಹಳಸಿಲ್ಲ, ಜನಕ್ಕೂ ಏನೂ ಆಗಿಲ್ಲ. ಮನೆ ನಂದು, ಆದ್ರೆ ನಾನು ಇಲ್ಲ ಅನ್ನೋದು ಊರಲ್ಲಿ ಯಾರಿಗೂ ಗೊತ್ತಾಗಲ್ಲ.

ವಿಚರ್ 3, 2015ರದ್ದು, ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ ಮಾಡಿದ್ದು. ನೋಡೋಕೆ, ಕೇಳೋಕೆ ಇದಕ್ಕಿಂತ ತುಂಬಿದ ಲೋಕ ಇಲ್ಲ ಅಂತಾನೇ ಹೇಳ್ತೀನಿ, ಗಾಳಿ ಬಂದ್ರೆ ಮರಗಳು ಬಗ್ಗಿ ಏಳೋದು ನೋಡ್ತಾ ನಿಲ್ಲಬಹುದು. ಆದ್ರೆ ಅದರ ವೆಲೆನ್ ಅನ್ನೋ ಪ್ರಾಂತ್ಯ ವಾಸಕ್ಕಲ್ಲ, ಯುದ್ಧ ತುಳಿದು ಹೋದ ನೆಲ, ಮರದಲ್ಲಿ ಹೆಣಗಳು ತೂಗ್ತಿರ್ತವೆ, ಹಳ್ಳಿ ಜನ ಹಸಿದಿದಾರೆ, ಅಲ್ಲಿ ನಾಲ್ಕು ದಿನ ಇದ್ರೆ ಮನಸ್ಸು ಭಾರ ಆಗತ್ತೆ (ಆ ಭಾರ ಕೊಡೋದೇ ಅವರ ಉದ್ದೇಶ, ಅದನ್ನ ಅದ್ಭುತವಾಗಿ ಮಾಡಿದಾರೆ). ಇರೋ ಜಾಗ ಅಂದ್ರೆ ಟೂಸಾಂ, 2016ರ ಬ್ಲಡ್ ಅಂಡ್ ವೈನ್ ಅನ್ನೋ ಡಿಎಲ್‌ಸಿಯಲ್ಲಿ ಬರೋದು. ದ್ರಾಕ್ಷಿ ತೋಟಗಳು, ಬಿಸಿಲು, ಬಣ್ಣ, ದೂರದಲ್ಲಿ ಅರಮನೆ, ಹೀರೋ ಗೆರಾಲ್ಟ್‌ಗೆ ಕೊರ್ವೊ ಬಿಯಾಂಕೊ ಅಂತ ಒಂದು ತೋಟದ ಮನೆನೇ ಸಿಗತ್ತೆ, ಅದನ್ನ ನೋಡ್ಕೊಳೋಕೆ ಬಾರ್ನಬಸ್ ಬೇಸಿಲ್ ಅನ್ನೋ ಮೇಸ್ತ್ರಿ, ದುಡ್ಡು ಕೊಟ್ಟು ಮನೆ ರಿಪೇರಿ ಮಾಡಿಸಬಹುದು, ಕುದುರೆ ಲಾಯ, ಗಿಡಮೂಲಿಕೆ ತೋಟ, ಗೋಡೆಗೆ ಚಿತ್ರಪಟ. ಪೂರ್ತಿ ಗೇಮ್ ಆಡೋ ಪುರುಸೊತ್ತಿಲ್ಲದವರು ಬ್ಲಡ್ ಅಂಡ್ ವೈನ್ ಒಂದನ್ನೇ ರೆಡಿಮೇಡ್ ಕ್ಯಾರೆಕ್ಟರ್ ಇಟ್ಕೊಂಡು ನೇರವಾಗಿ ಶುರು ಮಾಡೋ ಆಪ್ಷನ್ನೂ ಇದೆ.

ಆದ್ರೂ ಅಲ್ಲಿ ನಾನು ಅತಿಥಿನೇ. ಅಷ್ಟು ಚೆಂದದ ತೋಟದ ಮನೆ ಮುಂದೆ ಬೆಂಚ್ ಇದೆ, ಬೇಕಾದಾಗ ಹೋಗಿ ಕೂರೋಕೆ ಒಂದು ಬಟನ್ ಇಲ್ಲ. ಮಾಡೋಕೆ ಕೆಲಸ ಅಂದ್ರೆ ರಾಕ್ಷಸರನ್ನ ಕೊಲ್ಲೋ ಕಾಂಟ್ರಾಕ್ಟು, ಅವು ಒಂದು ದಿನ ಮುಗಿದು ಹೋಗತ್ತೆ, ಆಮೇಲೆ ಗ್ವೆಂಟ್ ಕಾರ್ಡ್ ಆಟ ಒಂದು ಉಳಿಯತ್ತೆ. ರಜೆಗೆ ಹೋಗೋಕೆ ಟೂಸಾಂ ಸರಿ, ಸಂಸಾರ ಹೂಡೋಕೆ ಆಗಲ್ಲ.

ಸ್ಟಾರ್ಡ್ಯೂ ವ್ಯಾಲಿ ಹಳ್ಳಿಯಲ್ಲಿ ಹೊಲ ಮಾಡ್ಕೊಂಡು ಇರೋ ಗೇಮ್, ಅದರ ಬಗ್ಗೆ ಎಲ್ರೂ ಹೇಳೋದು ತುಂಬಾ ಆರಾಮದ ಗೇಮ್ ಅಂತ. ನಂಗೆ ಹಾಗೆ ಅನ್ಸಿಲ್ಲ. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು ಕೂತು ಚಿತ್ರ, ಸಂಗೀತ, ಕೋಡ್ ಎಲ್ಲ ತಾನೇ ಮಾಡಿ 2016ರಲ್ಲಿ ಬಿಟ್ಟಿದ್ದು, ಅವನ ಪ್ರೀತಿ ಪ್ರತಿ ಮೂಲೆಯಲ್ಲೂ ಕಾಣತ್ತೆ, ಅದರ ಬಗ್ಗೆ ಎರಡು ಮಾತಿಲ್ಲ. ಆದ್ರೆ ಗಡಿಯಾರ ಬಿಡಲ್ಲ. ಬೆಳಿಗ್ಗೆ ಆರಕ್ಕೆ ಎದ್ರೆ ರಾತ್ರಿ ಎರಡರೊಳಗೆ ಮಲಗ್ಬೇಕು, ಆ ಇಡೀ ದಿನ ನಮ್ಮ ಲೆಕ್ಕದಲ್ಲಿ 14 ನಿಮಿಷ ಚಿಲ್ಲರೆ, 28 ದಿನಕ್ಕೆ ಕಾಲ ಬದಲಾಗತ್ತೆ, ಬದಲಾದ ದಿನ ಹಳೇ ಕಾಲದ ಬೆಳೆ ಒಣಗಿ ಹೋಗತ್ತೆ. ಬೀಜ ತರೋಕೆ ಹೋದ್ರೆ ಬುಧವಾರ ಪಿಯೆರ್ ಅಂಗಡಿ ರಜೆ. ಬೇಸಿಗೆ ಬರೋ ಹೊತ್ತಿಗೆ ನಾನು ನೀರು, ಕೊಯ್ಲು, ಗಣಿ, ಲಾಭದ ಲೆಕ್ಕ ಅಂತ ಓಡ್ತಾ ಇದ್ದೆ, ಹಗಲೆಲ್ಲ ಡೆಡ್‌ಲೈನ್ ಹಿಂದೆ ಓಡಿ ಬಂದವನಿಗೆ ರಾತ್ರಿನೂ ಅದೇ ಆದ್ರೆ ಹೇಗೆ.

ಅದು ನಿಜವಾಗ್ಲೂ ವಾಸಕ್ಕೆ ಯೋಗ್ಯ ಆಗೋದು ಚಳಿಗಾಲದಲ್ಲಿ. ಹೊರಗೆ ಹೊಲದ ಕೆಲಸ ಹೆಚ್ಚು ಕಮ್ಮಿ ಇಲ್ಲ, ಹಿಮ ಬಿದ್ದಿರತ್ತೆ, ದನ ಕೋಳಿ ನೋಡ್ಕೊಂಡು ಊರೊಳಗೆ ಹೋಗಿ ಜನರನ್ನ ಮಾತಾಡಿಸೋಕೆ ಟೈಮ್ ಸಿಗತ್ತೆ. ಟೆಂಟಲ್ಲಿ ಒಬ್ಬನೇ ಇರೋ ಲೈನಸ್, ಗಾಲಿಕುರ್ಚಿಯ ಅಜ್ಜ ಜಾರ್ಜ್, ಇವರೆಲ್ಲ ಮೊದಮೊದಲು ಮುಖ ಕೊಟ್ಟು ಮಾತಾಡಲ್ಲ, ನಿಧಾನಕ್ಕೆ ಹತ್ರ ಆಗ್ತಾರೆ, ಮಾತಾಡಿಸದೆ ಬಿಟ್ರೆ ದಿನಾ ಸ್ವಲ್ಪ ಸ್ವಲ್ಪ ಸ್ನೇಹ ಇಳಿಯತ್ತೆ. ಸ್ಕೈರಿಮ್‌ನಲ್ಲಿ ಇಲ್ಲದ್ದು ಇದೇ. ಹಳೇ ಲ್ಯಾಪ್‌ಟಾಪಲ್ಲೂ ಮೊಬೈಲಲ್ಲೂ ನಡೆಯತ್ತೆ ಅನ್ನೋದು ಇನ್ನೊಂದು ಪ್ಲಸ್ಸು, ಅರ್ಧ ಗಂಟೆ ಅಷ್ಟೇ ಸಿಗೋರಿಗೆ ಇದನ್ನೇ ಹೇಳ್ತೀನಿ.

ಈಗ ರೆಡ್ ಡೆಡ್ 2. ರಾಕ್‌ಸ್ಟಾರ್ 2018ರಲ್ಲಿ ಬಿಟ್ಟಿದ್ದು, ಪಿಸಿಗೆ 2019ರಲ್ಲಿ ಬಂತು, ಕಾಲ 1899, ಅಮೆರಿಕದಲ್ಲಿ ದರೋಡೆ ಗ್ಯಾಂಗ್‌ಗಳ ಕಾಲ ಮುಗೀತಾ ಬಂದಿರೋ ಹೊತ್ತು. ಹೀರೋ ಆರ್ಥರ್ ಮಾರ್ಗನ್ ಒಬ್ಬ ಡಕಾಯಿತ. ಡಕಾಯಿತನ ಗೇಮಲ್ಲಿ ಎಂಥ ನೆಮ್ಮದಿ ಅನ್ನಬೇಡಿ. ಎರಡನೇ ಚಾಪ್ಟರ್‌ನಲ್ಲಿ ಅವನ ಗ್ಯಾಂಗು ಹಿಮದಿಂದ ಇಳಿದು ಹಾರ್ಸ್‌ಶೂ ಓವರ್‌ಲುಕ್ ಅನ್ನೋ ಎತ್ತರದ ಜಾಗದಲ್ಲಿ ಟೆಂಟ್ ಹಾಕತ್ತೆ, ಕೆಳಗೆ ಡಕೋಟಾ ನದಿ, ಹತ್ರದಲ್ಲೇ ವ್ಯಾಲೆಂಟೈನ್ ಊರು. ಬದುಕೋಕೆ ಇದೇ ಜಾಗ, ಇದೇ ಚಾಪ್ಟರು.

ಬೆಳಿಗ್ಗೆ ಎದ್ದು ಬೆಂಕಿ ಹತ್ರ ಹೋಗಿ ಕಾಫಿ ಬಗ್ಗಿಸ್ಕೊಂಡು ನಿಂತ್ಕೊಂಡೇ ಕುಡೀತೀನಿ. ಕ್ಯಾಂಪ್ ಒಳಗೆ ಓಡೋಕೆ ಬಿಡಲ್ಲ, ನಡೀಲೇಬೇಕು, ಇದಕ್ಕೆ ತುಂಬಾ ಜನ ಬೈತಾರೆ, ನಂಗಂತೂ ಇದು ಸರಿ ಅನ್ಸತ್ತೆ, ಮನೆಯೊಳಗೆ ಯಾರು ಓಡ್ತಾರೆ. ಕಟ್ಟಿಗೆ ಒಡೀಬಹುದು, ಅಡುಗೆಯ ಪಿಯರ್ಸನ್‌ಗೆ ಮೂಟೆ ಹೊತ್ತು ಕೊಡಬಹುದು. ಆಮೇಲೆ ಕುದುರೆಗೆ ಮೈ ಉಜ್ಜಿ ತಿನ್ನೋಕೆ ಕೊಟ್ಟು ಬೇಟೆಗೆ. ಜಿಂಕೆ ಹೊಡೆದ್ರೆ ಅದನ್ನ ಹೆಗಲ ಮೇಲೆ ಎತ್ಕೊಂಡು ಬಂದು ಕುದುರೆ ಬೆನ್ನಿಗೆ ಹಾಕ್ಬೇಕು, ತಪ್ಪು ಬಂದೂಕಲ್ಲಿ ಹೊಡೆದಿದ್ರೆ ಚರ್ಮ ಹಾಳಾಗಿ ಬೆಲೆ ಬರಲ್ಲ, ತುಂಬಾ ಹೊತ್ತು ಬಿಟ್ರೆ ಕೊಳೀತದೆ, ನೊಣ ಮುತ್ತುತ್ತೆ. ವ್ಯಾಲೆಂಟೈನ್ ದನ ಕುರಿ ವ್ಯಾಪಾರದ ಊರು, ಮಳೆ ಬಂದ ದಿನ ಅಲ್ಲಿನ ರಸ್ತೆ ನಮ್ಮ ಕಡೆ ದನದ ಸಂತೆ ಮುಗಿದ ಮೈದಾನದ ತರಾನೇ ಇರತ್ತೆ, ಬೂಟು ಪ್ಯಾಂಟು ಎಲ್ಲ ಕೆಸರು. ಮಾಂಸದಂಗಡಿಯವನಿಗೆ ಮಾರಿ, ಹೋಟೆಲಲ್ಲಿ 25 ಸೆಂಟ್ ಕೊಟ್ಟು ಬಿಸಿನೀರಲ್ಲಿ ಸ್ನಾನ ಮಾಡಿ, ಸಂಜೆಗೆ ವಾಪಸ್ಸು. ಕ್ಯಾಂಪಿನ ಹುಂಡಿಗೆ ಒಂದಷ್ಟು ದುಡ್ಡು ಹಾಕಿದ್ರೆ ಯಾರು ಎಷ್ಟು ಕೊಟ್ರು ಅಂತ ಲೆಕ್ಕದ ಪುಸ್ತಕದಲ್ಲಿ ಬರೀತಾರೆ.

ಇಲ್ಲಿ ನನ್ನ ಇರುವಿಕೆ ಲೆಕ್ಕಕ್ಕೆ ಬರತ್ತೆ. ನಾಲ್ಕು ದಿನ ಕಾಡಲ್ಲೇ ಇದ್ದು ಬಂದ್ರೆ ಎಲ್ಲಿ ಹೋಗಿದ್ದೆ ಇಷ್ಟು ದಿನ ಅಂತ ಗ್ಯಾಂಗಿನವರು ಕೇಳ್ತಾರೆ. ಮೈ ತುಂಬಾ ಕೊಳೆ ಮಾಡ್ಕೊಂಡು ಬಂದ್ರೆ ಮಿಸ್ ಗ್ರಿಮ್‌ಷಾ ಬೈದು ಎಳ್ಕೊಂಡು ಹೋಗಿ ಮುಖ ತೊಳೆಸ್ತಾಳೆ. ಮೇರಿ ಬೆತ್ ಬರೆಯೋಕೆ ಒಂದು ಒಳ್ಳೆ ಪೆನ್ ಸಿಕ್ಕಿದ್ರೆ ತಂದ್ಕೊಡ್ತೀಯಾ ಅಂತಾಳೆ, ಅದು ಕಥೆಗೆ ಏನೂ ಸಂಬಂಧ ಇಲ್ಲ, ಮಾಡದಿದ್ರೆ ನಷ್ಟನೂ ಇಲ್ಲ, ಆದ್ರೂ ಪೆನ್ ಸಿಕ್ಕಿದ ದಿನ ನಾನು ಬೇರೆಲ್ಲ ಬಿಟ್ಟು ಕುದುರೆ ಓಡಿಸ್ಕೊಂಡು ಬಂದಿದೀನಿ. ರಾತ್ರಿ ಹವಿಯೇರ್ ಗಿಟಾರ್ ನುಡಿಸ್ತಾನೆ, ಪಕ್ಕದಲ್ಲಿ ಹೋಗಿ ಕೂತ್ಕೋಬಹುದು, ಡೊಮಿನೊ ಆಡಬಹುದು, ಆರ್ಥರ್ ತನ್ನ ಪುಸ್ತಕದಲ್ಲಿ ಕಂಡಿದ್ದನ್ನೆಲ್ಲ ಪೆನ್ಸಿಲ್ಲಲ್ಲಿ ಬರ್ಕೊಂಡಿರ್ತಾನೆ, ಅದನ್ನ ತೆಗೆದು ಓದಬಹುದು. ಆರ್ಥರ್‌ಗೆ ಸ್ವಂತ ಮನೆ ಇಲ್ಲ, ಒಂದು ಮಂಚ ಅಷ್ಟೇ. ಸ್ಕೈರಿಮ್‌ನಲ್ಲಿ ಮನೆ ಇತ್ತು, ಕಾಯೋರಿರಲಿಲ್ಲ. ನಂಗೆ ಕಾಯೋರಿರೋ ಮಂಚಾನೇ ಸಾಕು, ಹಾಗಾಗಿ ನನ್ನ ಓಟು ಇದಕ್ಕೆ.

ತೊಂದರೆಗಳೂ ಇವೆ. ಪಿಸಿಯಲ್ಲಿ 150 ಜಿಬಿ ಜಾಗ ಬೇಕು, ಒಂದು ಮಟ್ಟದ ಗ್ರಾಫಿಕ್ಸ್ ಕಾರ್ಡ್ ಇಲ್ದೆ ಆಗಲ್ಲ. ಊರೊಳಗೆ ಕುದುರೆ ಯಾರಿಗಾದ್ರೂ ತಾಗಿದ್ರೆ ಸಾಕು ಪೊಲೀಸ್ರು ಹಿಂದೆ ಬೀಳ್ತಾರೆ. ಈ ಚಾಪ್ಟರ್‌ನಲ್ಲಿ ಬ್ಲ್ಯಾಕ್‌ವಾಟರ್ ಅನ್ನೋ ಊರಿನ ಕಡೆ ಹೋಗೋ ಹಾಗಿಲ್ಲ, ಹೋದ್ರೆ ತಲೆ ಮೇಲೆ ಬಹುಮಾನ ಇರೋದ್ರಿಂದ ಬೆನ್ನಟ್ಟಿ ಹೊಡೀತಾರೆ. ನಾಲ್ಕರಲ್ಲಿ ಯಾವುದಕ್ಕೂ ಕನ್ನಡ ಸಬ್‌ಟೈಟಲ್ ಇಲ್ಲ, ಅದ್ರಲ್ಲೂ ರೆಡ್ ಡೆಡ್‌ನ ಹಳೇ ಕಾಲದ ಅಮೆರಿಕನ್ ಉಚ್ಚಾರಣೆ ಕಿವಿಗೆ ಹತ್ತೋಕೆ ಸ್ವಲ್ಪ ದಿನ ಬೇಕು, ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಳಿ.

ಶುರು ಮಾಡೋರು ಮೊದಲನೇ ಚಾಪ್ಟರ್ ಹಿಮದಲ್ಲಿ ನಿಧಾನ ಅಂತ ಬಿಟ್ಟು ಹೋಗಬೇಡಿ, ಅದನ್ನ ದಾಟಿ. ಎರಡನೇದರಲ್ಲಿ ಗ್ಯಾಂಗಿನ ಹೊಸಿಯಾ ಜೊತೆ ಕರಡಿ ಬೇಟೆ, ಪುಟ್ಟ ಜ್ಯಾಕ್ ಜೊತೆ ಮೀನು ಹಿಡಿಯೋದು, ಈ ಎರಡು ಮಿಷನ್ ಮಾಡ್ಕೊಳಿ, ಮೀನು ಹಿಡಿಯೋಕೆ ಆಗೋದೇ ಆಮೇಲೆ. ಮಿನಿ ಮ್ಯಾಪ್ (ಸ್ಕ್ರೀನ್ ಮೂಲೆಯ ಸಣ್ಣ ನಕ್ಷೆ) ಆಫ್ ಮಾಡಿ, ದಾರಿನ ಬೆಟ್ಟ, ರೈಲು ಹಳಿ ನೋಡ್ಕೊಂಡೇ ಕಲೀರಿ. ಮತ್ತೆ ಸ್ಟ್ರಾಸ್ ಅನ್ನೋನು ಸಾಲ ವಸೂಲಿ ಕೆಲಸ ಕೊಡ್ತಾನೆ, ಅದ್ರಲ್ಲಿ ಡೌನ್ಸ್ ಅನ್ನೋ ಬಡ ರೈತನ ಹೆಸರಿದೆ, ಅವನ ಮನೆಗೆ ಮಾತ್ರ ಹೋಗಬೇಡಿ, ಎಷ್ಟು ತಿಂಗಳು ಅಲ್ಲಿ ಇರ್ಬೇಕು ಅಂತಿದೀರೋ ಅಷ್ಟು ತಿಂಗಳು ಮ್ಯಾಪಲ್ಲಿ ಆ ಗುರುತು ಹಾಗೇ ಇರಲಿ. ಯಾಕೆ ಅಂತ ಹೇಳಿದ್ರೆ ಇಡೀ ಕಥೆನೇ ಹೇಳಿದ ಹಾಗಾಗತ್ತೆ.