ಸಲಮಾಂಕಾದಲ್ಲಿ ಸ್ಪ್ಯಾನಿಷ್ ಓದು: ಪಾಠಕ್ಕೆ ಪೂರ್ತಿ ಅಂಕ, ಕ್ರೆಡಿಟ್ ವ್ಯವಹಾರಕ್ಕೆ ಅರ್ಧ

ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪದವಿ ಓದುತ್ತಿದ್ದಾಗ, ಕಡ್ಡಾಯವಾಗಿದ್ದ ಪರಭಾಷೆಯ ಕ್ರೆಡಿಟ್‌ಗಳನ್ನು (ಪದವಿಯ ಲೆಕ್ಕಕ್ಕೆ ಸೇರುವ ಓದಿನ ಅಳತೆ) ಮುಗಿಸಿಕೊಳ್ಳಲು ನಾನು ಸ್ಪೇನಿನ ಸಲಮಾಂಕಾ ನಗರಕ್ಕೆ ಹೋಗಿದ್ದೆ. ಮೊದಲು ಬೇಸಿಗೆ ರಜೆಯಲ್ಲಿ, ಮಧ್ಯವರ್ತಿ ಸಂಸ್ಥೆಯೊಂದರ ಮೂಲಕ ಒಂದು ಖಾಸಗಿ ಭಾಷಾ ಶಾಲೆಗೆ. ಆಮೇಲೆ ಒಂದು ಸೆಮಿಸ್ಟರ್, ನೇರವಾಗಿ ಸಲಮಾಂಕಾ ವಿಶ್ವವಿದ್ಯಾಲಯ ವಿದೇಶಿಯರಿಗಾಗಿ ನಡೆಸುವ ಸ್ಪ್ಯಾನಿಷ್ ಕೋರ್ಸಿಗೆ. ಪದವಿ ಕೈಸೇರಿ ಕೆಲವು ವರ್ಷಗಳಾದವು. ನಮ್ಮ ಕಡೆಯ ವಿದ್ಯಾರ್ಥಿಗಳು ಈಗಲೂ ಕೇಳುತ್ತಿರುತ್ತಾರೆ: ಹೋಗಬಹುದೇ, ಕ್ರೆಡಿಟ್ ಸಿಗುತ್ತದೆಯೇ? ಹೋಗಬಹುದು, ಸಿಗುತ್ತದೆ. ಆದರೆ ಆ ಕ್ರೆಡಿಟ್ ಯಾವ ವಿಷಯದ ಲೆಕ್ಕಕ್ಕೆ, ಯಾವ ದರ್ಜೆಯಲ್ಲಿ ಜಮೆಯಾಗಬೇಕು ಎಂಬುದನ್ನು ತೀರ್ಮಾನಿಸುವವರು ನೀವು ಬಿಟ್ಟುಬಂದ ವಿಶ್ವವಿದ್ಯಾಲಯದ ಕಚೇರಿಯವರು. ನನ್ನ ತಲೆನೋವೆಲ್ಲ ಅಲ್ಲೇ ಇದ್ದದ್ದು.

ಪಾಠದ ಬಗ್ಗೆ ಒಳ್ಳೆಯ ಮಾತುಗಳೇ ಇವೆ. 1218ರಲ್ಲಿ ಸ್ಥಾಪನೆಯಾದ ಸಲಮಾಂಕಾ ವಿಶ್ವವಿದ್ಯಾಲಯ ಸ್ಪೇನಿನಲ್ಲಿ ಇಂದಿಗೂ ನಡೆಯುತ್ತಿರುವ ವಿಶ್ವವಿದ್ಯಾಲಯಗಳಲ್ಲಿ ಅತ್ಯಂತ ಹಳೆಯದು. ಸ್ಪ್ಯಾನಿಷ್‌ನ ಮೊದಲ ವ್ಯಾಕರಣವನ್ನು 1492ರಲ್ಲಿ ಪ್ರಕಟಿಸಿದ ನೆಬ್ರಿಹಾ ಪಾಠ ಹೇಳಿದ್ದು ಇಲ್ಲಿಯೇ. ಇಂಥ ಹಿರಿಮೆಯನ್ನು ನೆಚ್ಚಿ ಕುಳಿತ ಜಾಗವಿರಬಹುದು ಎಂದುಕೊಂಡಿದ್ದೆ, ಹಾಗಿರಲಿಲ್ಲ. ಮೊದಲು ಮಟ್ಟ ಅಳೆಯುವ ಪರೀಕ್ಷೆ, ಎ1ರಿಂದ ಸಿ2ವರೆಗಿನ ಯುರೋಪಿನ ಮಾನದಂಡದಂತೆ ವಿಂಗಡಣೆ, ಮರುದಿನದಿಂದ ತರಗತಿಯಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಿಲ್ಲ. ಪಕ್ಕದ ಬೆಂಚಿನಲ್ಲಿ ಜಪಾನಿನವರು, ಬ್ರೆಜಿಲಿನವರು. ನಮ್ಮ ಅಧ್ಯಾಪಕಿ ಪ್ರಬಂಧದ ತಪ್ಪುಗಳನ್ನು ತಿದ್ದುತ್ತಿರಲಿಲ್ಲ. ತಪ್ಪಿರುವ ಸಾಲಿನ ಅಂಚಿನಲ್ಲಿ ಸೀಸದಕಡ್ಡಿಯಿಂದ ಒಂದು ಗೀಟು ಎಳೆದು ಹಿಂದಿರುಗಿಸುತ್ತಿದ್ದರು. ಕ್ರಿಯಾಪದದ್ದೋ ಲಿಂಗದ್ದೋ ಎಂದು ನಾವೇ ಹುಡುಕಿ, ಮತ್ತೆ ಬರೆದು ಒಪ್ಪಿಸಬೇಕಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ಆದರೆ ಸಬ್‌ಜಂಕ್ಟಿವ್ (ಆಸೆ, ಅನುಮಾನಗಳನ್ನು ಹೇಳುವಾಗ ಬಳಸುವ ಕ್ರಿಯಾಪದದ ರೂಪ) ಎಂಬ ಭೂತ ನನ್ನ ಹೆಗಲಿನಿಂದ ಇಳಿದದ್ದು ಆ ಗೀಟುಗಳಿಂದಲೇ.

ಕನ್ನಡಿಗರಿಗೆ ಇಲ್ಲಿ ಒಂದಿಷ್ಟು ಅನುಕೂಲವೂ ಉಂಟು. ಸ್ಪ್ಯಾನಿಷ್‌ನ ತ, ದ ಧ್ವನಿಗಳು ಬಹುಮಟ್ಟಿಗೆ ನಮ್ಮವೇ. 'ನನಗೆ ಇಷ್ಟ' ಎಂಬಲ್ಲಿ ನಾವು ಚತುರ್ಥಿ ಬಳಸುವಂತೆ ಅವರೂ ಬಳಸುತ್ತಾರೆ, ಅಮೆರಿಕದ ಸಹಪಾಠಿಗಳು ವಾರಗಟ್ಟಲೆ ತಿಣುಕಿದ ಆ ಪಾಠ ನನಗೆ ಒಂದೇ ಬೆಳಗಿನಲ್ಲಿ ಮುಗಿಯಿತು. ಊಟದ ವಿಷಯದಲ್ಲಿ ಮಾತ್ರ ಸಸ್ಯಾಹಾರಿಗಳು ಎಚ್ಚರವಾಗಿರಬೇಕು. ಬೇಳೆಯ ಸಾರು ಎಂದು ನಂಬಿ ಚಮಚ ಇಳಿಸಿದರೆ ತಳದಲ್ಲಿ ಹಂದಿಮಾಂಸದ ತುಂಡು ಇರುತ್ತದೆ. ಉಳಿಯುವ ಮನೆಯವರಿಗೆ ಮೊದಲ ದಿನವೇ ಬಿಡಿಸಿ ಹೇಳಿ.

ಇನ್ನು ಲೆಕ್ಕ. ಯುರೋಪಿನ ಒಂದು ಇಸಿಟಿಎಸ್ ಕ್ರೆಡಿಟ್ ಎಂದರೆ ಸ್ಪೇನಿನಲ್ಲಿ 25ರಿಂದ 30 ಗಂಟೆಗಳ ಶ್ರಮ, ತರಗತಿ, ಮನೆಗೆಲಸ, ಪರೀಕ್ಷೆ ಎಲ್ಲ ಸೇರಿ. ಅಮೆರಿಕದ ಸೆಮಿಸ್ಟರ್ ಕ್ರೆಡಿಟ್‌ಗೆ ತರಗತಿಯ ಸುಮಾರು 15 ಗಂಟೆ, ಜೊತೆಗೆ ಅದರ ಎರಡರಷ್ಟು ಹೊರಗಿನ ಓದು. ಪೂರ್ಣಾವಧಿ ಓದಿಗೆ ಯುರೋಪಿನಲ್ಲಿ ವರ್ಷಕ್ಕೆ 60, ಅಮೆರಿಕದಲ್ಲಿ 30. ಆದ್ದರಿಂದ ಸಾಮಾನ್ಯವಾಗಿ ಎರಡು ಇಸಿಟಿಎಸ್‌ಗೆ ಒಂದು ಅಮೆರಿಕನ್ ಕ್ರೆಡಿಟ್ ಎಂದು ಹಿಡಿಯುತ್ತಾರೆ. ಆರು ಕ್ರೆಡಿಟ್ ಗಳಿಸಿದೆ ಎಂದು ಹಿಗ್ಗಿ ಬಂದವರ ಕೈಯಲ್ಲಿ ಉಳಿಯುವುದು ಮೂರು. ಇದರಲ್ಲಿ ಮೋಸವೇನೂ ಇಲ್ಲ.

ಮೋಸವಲ್ಲದಿದ್ದರೂ ಬೇಸರ ತರಿಸಿದ್ದು ಮಧ್ಯವರ್ತಿಯ ವ್ಯವಸ್ಥೆ. ಖಾಸಗಿ ಭಾಷಾ ಶಾಲೆಗೆ ತಾನಾಗಿ ವಿಶ್ವವಿದ್ಯಾಲಯದ ಕ್ರೆಡಿಟ್ ಕೊಡುವ ಅಧಿಕಾರವಿಲ್ಲ. ಹಾಗಾಗಿ ಅಮೆರಿಕದ ಯಾವುದೋ ವಿಶ್ವವಿದ್ಯಾಲಯದೊಡನೆ ಒಪ್ಪಂದ ಮಾಡಿಕೊಂಡು ಅದರ ಹೆಸರಿನಲ್ಲಿ ಅಂಕಪಟ್ಟಿ ಕೊಡಿಸುತ್ತಾರೆ. ನೀವು ಕಾಲಿಡದ ವಿಶ್ವವಿದ್ಯಾಲಯದ ಮೊಹರಿಗೆ ಪ್ರತ್ಯೇಕ ಶುಲ್ಕ. ಒಳ್ಳೆಯದೇನೆಂದರೆ ದರ್ಜೆ ಎ, ಬಿ ಎಂದು ಅಮೆರಿಕದ ರೂಪದಲ್ಲೇ ಬರುವುದರಿಂದ ಯಾರೂ ಪ್ರಶ್ನಿಸುವುದಿಲ್ಲ. ಕೆಟ್ಟದ್ದೆಂದರೆ ನನ್ನ ಅಂಕಪಟ್ಟಿ ಬಂದದ್ದು ಮುಂದಿನ ಸೆಮಿಸ್ಟರಿನ ನೋಂದಣಿ ಮುಗಿದ ಮೇಲೆ. ಮಧ್ಯವರ್ತಿಗೆ ಬರೆದ ಪತ್ರಗಳಿಗೆಲ್ಲ 'ನಿಮ್ಮ ತಾಳ್ಮೆಗೆ ಧನ್ಯವಾದ' ಎಂಬ ಒಂದೇ ಉತ್ತರ. ನನ್ನಲ್ಲಿ ತಾಳ್ಮೆ ಇರಲೇ ಇಲ್ಲ.

ನೇರವಾಗಿ ಸೇರಿದಾಗ ಖರ್ಚು ಇಳಿಯಿತು, ಕಾಗದದ ಕೆಲಸ ಏರಿತು. ಸ್ಪೇನಿನಲ್ಲಿ ಹತ್ತಕ್ಕೆ ಅಂಕ ಕೊಡುತ್ತಾರೆ. ಐದಕ್ಕೆ ಪಾಸು, ಏಳರಿಂದ ಮೇಲೆ 'ನೊತಾಬ್ಲೆ' (ಉತ್ತಮ), ಒಂಬತ್ತರಿಂದ 'ಸೊಬ್ರೆಸಾಲಿಯೆಂತೆ' (ಅತ್ಯುತ್ತಮ). ನನಗೆ 7.8 ಬಂದಿತ್ತು, ತರಗತಿಯಲ್ಲಿ ಒಳ್ಳೆಯ ಅಂಕವೇ. ಅಮೆರಿಕಕ್ಕೆ ಮರಳಿದರೆ, ನಮ್ಮ ವಿಶ್ವವಿದ್ಯಾಲಯದ ದಾಖಲಾತಿ ಕಚೇರಿ ಅದನ್ನು ಶೇಕಡಾ 78 ಎಂದು ಓದಿ ಸಿ ಪ್ಲಸ್ ದಾಖಲಿಸಿತ್ತು! ಸಾಲದ್ದಕ್ಕೆ ಕೋರ್ಸನ್ನು ಸ್ಪ್ಯಾನಿಷ್ ವಿಭಾಗದ ಲೆಕ್ಕಕ್ಕೆ ಸೇರಿಸದೆ 'ಸಾಮಾನ್ಯ ಐಚ್ಛಿಕ' ಎಂಬ ಮೂಲೆಗೆ ತಳ್ಳಿತ್ತು. ಕ್ರೆಡಿಟ್ ಇದೆ, ಕಡ್ಡಾಯ ವಿಷಯ ಮಾತ್ರ ಬಾಕಿ. ಕಾಪಾಡಿದ್ದು ಒಂದು ಕಡತ: ಮೊಹರು ಹಾಕಿಸಿದ ಪಠ್ಯಕ್ರಮ, ಅದರಲ್ಲಿ ತರಗತಿಯ ಗಂಟೆಗಳ ವಿವರ, ಸ್ಪೇನಿನ ಅಂಕ ಪದ್ಧತಿಯ ವಿವರಣೆ, ಗೀಟು ಬಿದ್ದ ನನ್ನ ಪ್ರಬಂಧಗಳು. ಭಾಷಾ ವಿಭಾಗದ ಮುಖ್ಯಸ್ಥರು ಪ್ರಬಂಧಗಳನ್ನು ತಿರುವಿಹಾಕಿ ಸಹಿ ಮಾಡಿದರು. ದರ್ಜೆ ಅಳಿಸಿ ಪಾಸು ಎಂದಷ್ಟೇ ಬರೆದರು, ಕೋರ್ಸು ಸರಿಯಾದ ಜಾಗ ಸೇರಿತು. ಸರಾಸರಿಗೆ ಲಾಭವಿಲ್ಲ, ನಷ್ಟವೂ ಇಲ್ಲ. ಹೊರಡುವ ಮೊದಲೇ ಯಾವ ಕೋರ್ಸು ಯಾವುದಕ್ಕೆ ಸಮ, ದರ್ಜೆ ದಾಖಲಾಗುತ್ತದೆಯೇ ಬರೀ ಪಾಸೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಸಲಹೆಗಾರರ ಬಾಯಿಮಾತು ನಂಬಬೇಡಿ, ಅವರು ವರ್ಷವರ್ಷವೂ ಬದಲಾಗುತ್ತಾರೆ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇನ್ನೊಂದು ಸುತ್ತು ಇದೆ. 90 ದಿನ ಮೀರಿದರೆ ಸ್ಪೇನಿನ ವಿದ್ಯಾರ್ಥಿ ವೀಸಾ ಬೇಕು. ಅಮೆರಿಕದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದುತ್ತಿರುವವರು ತಮ್ಮ ವಿಶ್ವವಿದ್ಯಾಲಯದ ನೋಂದಣಿ ಉಳಿಸಿಕೊಂಡೇ ಹೋಗಬೇಕು, ಮರಳುವ ಹೊತ್ತಿಗೆ ಅಮೆರಿಕದ ವೀಸಾ ಮುಗಿದಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಕರ್ನಾಟಕದಲ್ಲೇ ಓದುತ್ತಿರುವವರಿಗೆ ಈ ದಾರಿ ಇಷ್ಟು ಸುಲಭವಲ್ಲ. ನಿಮ್ಮ ವಿಶ್ವವಿದ್ಯಾಲಯ ವಿದೇಶಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿದೆಯೇ ಎಂದು ಮೊದಲು ವಿಚಾರಿಸಿ. ಇಲ್ಲದಿದ್ದರೆ ಪರೀಕ್ಷೆಯ ಪ್ರಮಾಣಪತ್ರವೇ ಮೇಲು. ಸ್ಪ್ಯಾನಿಷ್ ಭಾಷೆಯ ಪ್ರಸಾರಕ್ಕೆಂದು ಸ್ಪೇನ್ ಸರ್ಕಾರ ನಡೆಸುವ ಸೆರ್ವಾಂಟೆಸ್ ಸಂಸ್ಥೆಯ ಡೆಲೆ ಪ್ರಮಾಣಪತ್ರ ಜೀವನಪೂರ್ತಿ ಮಾನ್ಯ, ಕಂಪ್ಯೂಟರಿನಲ್ಲಿ ಬರೆಯುವ ಸಿಯೆಲೆ ಪರೀಕ್ಷೆಯದಕ್ಕೆ ಐದು ವರ್ಷದ ಆಯಸ್ಸು. ಆ ಸಂಸ್ಥೆಯ ಕೇಂದ್ರ ನವದೆಹಲಿಯಲ್ಲಿದೆ.

ಅಮೆರಿಕದಲ್ಲಿ ಓದುವವರು ಕೊನೆಯ ವರ್ಷಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಕೊನೆಯ 30 ಕ್ರೆಡಿಟ್ ನಮ್ಮಲ್ಲಿಯೇ ಗಳಿಸಬೇಕು ಎಂಬ ನಿಯಮ ಹಲವು ಕಡೆ ಇದೆ. ಭಾಷೆ ಆಗಲೇ ಬರುತ್ತದೆ, ಕ್ರೆಡಿಟ್ ಸಾಕು ಎನ್ನುವವರು ವಿಮಾನ ಹತ್ತುವ ಮೊದಲು, ತರಗತಿಗೆ ಹೋಗದೆಯೇ ಕ್ರೆಡಿಟ್ ಗಳಿಸಿಕೊಡುವ ಕ್ಲೆಪ್ ಪರೀಕ್ಷೆಯನ್ನು ನಿಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಕೇಳಿ. ಒಪ್ಪುವುದಾದರೆ ಒಂದು ಮಧ್ಯಾಹ್ನದ ಕೆಲಸ, ಖರ್ಚು ವಿಮಾನದ ಟಿಕೆಟಿನ ಸಣ್ಣ ಪಾಲು.