ನಿಂತ ಎಂಜಿನ್ ಎಬ್ಬಿಸಲು ಕಾರ್ಬೊರೇಟರ್ ಬಾಯಿಗೆ ಪೆಟ್ರೋಲ್ ಸುರಿಯಬೇಡಿ
ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹಳೆಯ ಕಾರನ್ನು ಇಟ್ಟುಕೊಂಡವರೆಲ್ಲರೂ ಇದನ್ನು ಓದಬೇಕೆಂದು ಕೋರುತ್ತೇನೆ. ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲವೆಂಬ ಒಂದು ಸಣ್ಣ ದೋಷವನ್ನು ಹುಡುಕುವ ಕ್ರಮ ತಪ್ಪಿದ್ದರಿಂದ ನಾನು ಮೂರು ತಿಂಗಳು ಅಲೆದೆ, ಬೇಡದ ರಿಪೇರಿಗಳಿಗೆ ಹಣ ಕೊಟ್ಟೆ, ಕೊನೆಗೆ ಬಲ ಮುಂಗೈಯನ್ನೂ ಸುಟ್ಟುಕೊಂಡೆ.

ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ಎಂಜಿನ್ ತಕ್ಷಣ ಸ್ಟಾರ್ಟ್ ಆಗುತ್ತಿತ್ತು. ಅರ್ಧ ಗಂಟೆಯಷ್ಟು ಓಡಿದ ಮೇಲೆ ಎಳೆತ ಕುಂದಿ, ಮುಗ್ಗರಿಸಿ, ನಿಂತುಬಿಡುತ್ತಿತ್ತು. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತಿತ್ತು. ಗ್ಯಾರೇಜಿನಲ್ಲಿ ಮೊದಲು ಕಾರ್ಬೊರೇಟರಿನ ಸಣ್ಣ ರಂಧ್ರಗಳಾದ ಜೆಟ್‌ಗಳಲ್ಲಿ ಕಸವಿದೆ ಎಂದರು, ಆಮೇಲೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿಗೆ ಒಳಹರಿವನ್ನು ತಡೆಯುವ ನೀಡಲ್ ವಾಲ್ವ್ ಬದಲಿಸಿದರು, ಅನಂತರ ಫ್ಯೂಯಲ್ ಪಂಪನ್ನೇ ಹೊಸದಾಗಿ ಹಾಕಿದರು. ಪ್ರತಿ ಸಲವೂ ಹತ್ತು ನಿಮಿಷ ಓಡಿಸಿ ನೋಡಿ, ಸರಿಯಾಯಿತೆಂದು ಕಳುಹಿಸುತ್ತಿದ್ದರು. ಅರ್ಧ ಗಂಟೆಗೆ ಕಾಣಿಸಿಕೊಳ್ಳುವ ದೋಷ ಹತ್ತು ನಿಮಿಷದಲ್ಲಿ ಹೇಗೆ ಗೊತ್ತಾದೀತೆಂದು ನಾನೂ ಕೇಳಲಿಲ್ಲ.

ದಾರಿಯಲ್ಲಿ ನಿಂತರೆ ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರ್ ಬಾಯಿಗೆ ಒಂದಿಷ್ಟು ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯಿರಿ ಎಂದು ಅವರೇ ಹೇಳಿಕೊಟ್ಟಿದ್ದರು. ಅದರಂತೆ ಒಂದು ಸಂಜೆ ನಾನು ಬಾಟಲಿಯಿಂದ ಸುರಿದೆ, ತಮ್ಮ ಒಳಗೆ ಕುಳಿತು ಕೀ ತಿರುಗಿಸಿದ. ಎಂಜಿನ್ ಎರಡು ಸುತ್ತು ತಿರುಗಿ ‘ಢಬ್’ ಎಂದು ಬ್ಯಾಕ್‌ಫೈರ್ ಆಯಿತು. ಕಾರ್ಬೊರೇಟರ್ ಬಾಯಿಂದ ಎದ್ದ ಜ್ವಾಲೆ ನನ್ನ ಕೈಯಲ್ಲಿದ್ದ ಬಾಟಲಿಯ ಮೂತಿಗೇ ಹತ್ತಿತು. ಬಾಟಲಿಯನ್ನು ದೂರ ಎಸೆದೆ. ಮ್ಯಾನಿಫೋಲ್ಡ್ ಮೇಲೆ ಚೆಲ್ಲಿದ್ದ ಪೆಟ್ರೋಲ್ ಉರಿಯುತ್ತಿತ್ತು. ತಮ್ಮ ದಪ್ಪ ಕಂಬಳಿಯೊಂದನ್ನು ತಂದು ಅದರ ಮೇಲೆ ಒತ್ತಿ ಹಿಡಿದದ್ದರಿಂದ ಕಾರು ಉಳಿಯಿತು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುವ ದ್ರವ ಪೆಟ್ರೋಲ್. ಬಿಸಿಯಾದ ಎಂಜಿನ್ನಿನ ಮೇಲೆ ಅದನ್ನು ತೆರೆದ ಬಾಟಲಿಯಲ್ಲಿ ಹಿಡಿದು ನಿಂತಿದ್ದೆನೆಂಬುದನ್ನು ನೆನೆದರೆ ಇಂದಿಗೂ ಕೈ ನಡುಗುತ್ತದೆ.

ನಿಜವಾದ ಕಾರಣ ಟ್ಯಾಂಕಿನ ಮುಚ್ಚಳದಲ್ಲಿತ್ತು. ಮುಂದಿನ ವಾರ ಕಾರು ಮತ್ತೆ ನಿಂತಾಗ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ನೋಡೋಣವೆಂದು ಮುಚ್ಚಳಕ್ಕೆ ಕೈ ಹಾಕಿದರೆ ಅದು ಅಂಟಿಕೊಂಡಂತೆ ಬಿಗಿಯಾಗಿತ್ತು. ಬಲ ಹಾಕಿ ತಿರುಗಿಸಿದಾಗ ‘ಸುಯ್’ ಎಂದು ದೀರ್ಘವಾಗಿ ಗಾಳಿಯನ್ನು ಒಳಕ್ಕೆ ಎಳೆದುಕೊಂಡಿತು. ಮುಚ್ಚಳ ತೆರೆದಿಟ್ಟುಕೊಂಡೇ ಸೆಲ್ಫ್ ಹೊಡೆದೆ. ಎಂಜಿನ್ ಸ್ಟಾರ್ಟ್ ಆಯಿತು. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ನನ್ನ ಕಾರಿನಲ್ಲಿ ಆ ಗಾಳಿಯ ದಾರಿ ಮುಚ್ಚಳದಲ್ಲೇ ಇತ್ತು. ಹಳೆಯ ಮುಚ್ಚಳ ಕಳೆದುಹೋದಾಗ ಅಳತೆ ಸರಿಹೊಂದಿತೆಂದು ರಂಧ್ರವಿಲ್ಲದ ಬೇರೊಂದನ್ನು ಹಾಕಿಸಿದವನು ನಾನೇ. ಗಾಳಿ ಬಾರದೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆದು, ಪಂಪ್ ಎಳೆದರೂ ಪೆಟ್ರೋಲ್ ಬರುತ್ತಿರಲಿಲ್ಲ. ಕಾರು ನಿಂತಿರುವಾಗ ಸಂದಿಯಿಂದ ನಿಧಾನವಾಗಿ ಗಾಳಿ ಸೇರಿ ದೋಷ ಮಾಯವಾಗುತ್ತಿತ್ತು. ಪೆಟ್ರೋಲ್ ಹಾಕಿಸಲು ಮುಚ್ಚಳ ತೆಗೆದಾಗಲೂ ಹಾಗೆಯೇ ಆಗುತ್ತಿತ್ತು. ಅದನ್ನೇ ನಾನು ರಿಪೇರಿಯ ಫಲವೆಂದು ನಂಬಿದ್ದೆ.

ಆದ್ದರಿಂದ ಕಾರು ನಿಂತ ಕೂಡಲೇ ಕಾರ್ಬೊರೇಟರ್ ಬಿಚ್ಚಿಸಬೇಡಿ. ಕೀ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು, ಮುಖವನ್ನು ದೂರವಿಟ್ಟುಕೊಂಡು ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಥ್ರಾಟಲ್ ಅನ್ನು ಕೈಯಿಂದ ಒಮ್ಮೆ ತಿರುಗಿಸಿ. ಒಳಗೆ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಿದರೆ ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಇದೆಯೆಂದು ಅರ್ಥ, ಆಗ ಇಗ್ನಿಷನ್ (ಕಿಡಿ ಹೊತ್ತಿಸುವ ವ್ಯವಸ್ಥೆ) ಕಡೆ ನೋಡಬೇಕು. ಚಿಮ್ಮದಿದ್ದರೆ ಮೊದಲು ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ಅಲ್ಲಿಯೂ ದೋಷವಿಲ್ಲದಿದ್ದರೆ ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪನ್ನು ಮಡಿಸಿ ಪರೀಕ್ಷಿಸಿ. ಅದು ಪಂಪ್ ಎಳೆದುಕೊಳ್ಳುವ ಕಡೆಯದಾದ್ದರಿಂದ, ಬಿರುಕು ಬಿಟ್ಟಿದ್ದರೂ ಹನಿ ಸೋರದೆ ಗಾಳಿಯನ್ನು ಮಾತ್ರ ಎಳೆದುಕೊಳ್ಳಬಹುದು. ಹಳೆಯ ಕಾಲದ ರಬ್ಬರನ್ನು ಎಥನಾಲ್ ಬೆರೆತ ಪೆಟ್ರೋಲ್ ಬೇಗ ಹಾಳುಮಾಡುತ್ತದೆ.

ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು ಮೂಸಿ ನೋಡುವುದನ್ನೂ ಮರೆಯಬೇಡಿ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಲವಾಗಿ ಹೊಡೆದು ಮಟ್ಟವೂ ಏರಿದ್ದರೆ ಪಂಪಿನೊಳಗಿನ ಡಯಾಫ್ರಾಮ್ ಎಂಬ ಪೊರೆ ಹರಿದು ಪೆಟ್ರೋಲ್ ಆಯಿಲಿಗೆ ಸೇರುತ್ತಿರಬಹುದು. ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಪಾಡಲಾರದು, ಆದ್ದರಿಂದ ಅದನ್ನು ಬದಲಿಸದೆ ಸ್ಟಾರ್ಟ್ ಮಾಡಬಾರದು.

ಕೊನೆಯ ಪರಿಹಾರವೆಂದು ನನಗೆ ಎಲೆಕ್ಟ್ರಿಕ್ ಪಂಪ್ ಹಾಕಿಸಲು ಹೇಳಿದ್ದರು, ಅದೂ ಕಾರ್ಬೊರೇಟರ್ ಬದಲು ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಕಾರಿನದ್ದು. ಅಂಥ ಪಂಪ್ ಸುಮಾರು 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಕಾರ್ಬೊರೇಟರಿಗೆ ಬೇಕಾದದ್ದು ಸಾಮಾನ್ಯವಾಗಿ 0.2ರಿಂದ 0.3 ಬಾರ್. ನೀಡಲ್ ವಾಲ್ವ್ ಆ ಒತ್ತಡವನ್ನು ತಡೆಯದೆ ಪೆಟ್ರೋಲ್ ಉಕ್ಕಿ ಎಂಜಿನ್ ಮೇಲೆ ಹರಿಯುತ್ತದೆ. ಅದನ್ನು ಹಾಕಿಸಲು ನಾನು ಒಪ್ಪಲಿಲ್ಲ. ಗಾಳಿಯ ರಂಧ್ರವಿರುವ ಮುಚ್ಚಳ ಹಾಕಿಸಿದ ಮೇಲೆ ಕಾರು ಒಮ್ಮೆಯೂ ನಿಂತಿಲ್ಲ.