ಬೆನ್ನೊಳಗೆ ಮಷಿನ್ ಹಾಕಿಸಿಕೊಳ್ಳುವ ಮೊದಲು ಇದನ್ನು ಓದಿ

ಹೇಳಿಕೊಳ್ಳೋಕೇ ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮೊನ್ನೆ ನಮ್ಮ ಬೀದಿಯ ಇನ್ನೊಬ್ಬರಿಗೂ ನನಗೆ ಮಷಿನ್ ಹಾಕಿದ ಆಸ್ಪತ್ರೆಯಲ್ಲೇ ಅದೇ ಮಷಿನ್ ಹಾಕಿಸಿಕೊಳ್ಳಿ ಅಂದಿದ್ದಾರೆ.

ಆರು ವರ್ಷದ ಸೊಂಟನೋವು ನನ್ನದು. ಡಿಸ್ಕ್ ಆಪರೇಷನ್, ಫಿಸಿಯೋ, ಇಂಜೆಕ್ಷನ್, ಎಣ್ಣೆ ತಿಕ್ಕಿಸಿದ್ದು ಎಲ್ಲಾ ಆಗಿತ್ತು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ 'ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್' ಹಾಕೋಣ ಅಂದರು. ಬೆನ್ನುಹುರಿ ಪಕ್ಕ ತಂತಿ, ಚರ್ಮದಡಿ ಬ್ಯಾಟರಿ. ಸಣ್ಣ ಕರೆಂಟ್ ಹರಿಸಿ ನೋವನ್ನು ಮಿದುಳಿಗೆ ಮುಟ್ಟದ ಹಾಗೆ ತಡೆಯುತ್ತದಂತೆ. "ಪೇಸ್‌ಮೇಕರ್ ಇದ್ದ ಹಾಗೆ ಸರ್, ಅಷ್ಟೇ."

ಮೊದಲು ಟ್ರಯಲ್ ಇರುತ್ತದೆ. ತಂತಿ ಒಳಗೆ, ಮಷಿನ್ ಹೊರಗೆ. ಸುಮಾರು ಒಂದು ವಾರ ಮನೆಯಲ್ಲಿ ಓಡಾಡಿ ನೋಡಬೇಕು, ನೋವು ಅರ್ಧಕ್ಕರ್ಧ ಇಳಿದರೆ ಮಾತ್ರ ಮುಂದಿನ ಮಾತು. ನನಗೆ ಮಾಡಿದ್ದು ಎರಡೇ ದಿನ! ಅದೂ ಮಲಗಿಸಿ, ಡ್ರಿಪ್‌ನಲ್ಲಿ ನೋವಿನ ಔಷಧಿ ಬಿಡುತ್ತಾ. ಮಲಗಿದವನಿಗೆ ಸೊಂಟ ಎಷ್ಟು ನೋಯುತ್ತದೆ ಹೇಳಿ?

ಟ್ಯಾಬ್ ಹಿಡಿದು ಒಬ್ಬ ಹುಡುಗ ಬಂದ. "50 ಪರ್ಸೆಂಟ್ ಕಡಿಮೆ ಆಯ್ತಲ್ವಾ ಸರ್?" ಅಂತ ಕೇಳಿದ. "ಹೂಂ ಡಾಕ್ಟ್ರೇ" ಅಂದೆ. ಡಾಕ್ಟ್ರೇ ಅಂದೆ ನೋಡಿ! ಅವನು ಸುಮ್ನೆ ನಕ್ಕು ಟಿಕ್ ಹಾಕಿಕೊಂಡ. ಮರುದಿನವೇ ಆಪರೇಷನ್, 11 ಲಕ್ಷ ಬಿಲ್.

ಮೂರು ತಿಂಗಳಿಗೆ ನೋವು ಮೊದಲಿನಷ್ಟೇ. ಅವನಿಗೇ ಫೋನ್ ಮಾಡಿದೆ. "ನಾನು ಡಾಕ್ಟರ್ ಅಲ್ಲ ಸರ್, ಮಷಿನ್ ಕಂಪನಿಯವನು. ನೀವು ಕೇಳಲೇ ಇಲ್ಲವಲ್ಲ." ಮಷಿನ್ ಮಾರುವವನೇ ನನ್ನ ನೋವಿಗೆ ಮಾರ್ಕ್ಸ್ ಹಾಕಿದ್ದ! ಆ ರಾತ್ರಿ ನಿದ್ದೆ ಬರಲಿಲ್ಲ.

ಡಾಕ್ಟರ್ ಹತ್ತಿರ ಹೋದರೆ "ಮಷಿನ್‌ನ ಪ್ರೋಗ್ರಾಂ, ಅಂದರೆ ಕರೆಂಟಿನ ಸೆಟ್ಟಿಂಗ್, ಬದಲಾಯಿಸೋಣ". ಐದು ಸಲ ಬದಲಾಯಿಸಿದರು. ಆಮೇಲೆ "ತಂತಿ ಜರುಗಿದೆ, ಇನ್ನೊಂದು ಸಣ್ಣ ಆಪರೇಷನ್". ಜಗಳಕ್ಕೆ ನಿಂತರೆ "ಕಡಿಮೆ ಆಯ್ತು ಅಂತ ಫಾರಂಗೆ ನೀವೇ ಸೈನ್ ಹಾಕಿದ್ದೀರಲ್ವಾ?" ಹೌದು, ಹಾಕಿದ್ದೆ.

ಮಗಳು ಆಮೇಲೆ ಹುಡುಕಿ ತೋರಿಸಿದಳು. 2022ರ ನಾರ್ವೆಯ ಅಧ್ಯಯನದಲ್ಲಿ, ಬೆನ್ನಿನ ಆಪರೇಷನ್ ಆದಮೇಲೂ ಕಾಲಿಗೆ ಇಳಿಯುವ ನೋವಿದ್ದ 50 ಜನರಿಗೆ ಮಷಿನ್ ಆನ್ ಇದ್ದಾಗಲೂ ಆಫ್ ಇದ್ದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಕಾಕ್ರೇನ್ ಅನ್ನುವ ಸಂಸ್ಥೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ಮಾಡಿದ 2023ರ ವಿಮರ್ಶೆಯೂ ಸೊಂಟನೋವಿಗೆ ಇದರಿಂದ ದೊಡ್ಡ ಲಾಭ ಇರಲಾರದು ಅನ್ನುತ್ತದೆ. ನನಗೆ ಮಷಿನ್ ಹಾಕುವ ಹೊತ್ತಿಗೆ ಇವೆಲ್ಲ ಬಂದಾಗಿತ್ತು. ಒಬ್ಬರಾದರೂ ಬಾಯಿ ಬಿಟ್ಟರಾ? ಕೆಲವರಿಗೆ ಉಪಯೋಗ ಆಗಿದೆ ಅನ್ನುತ್ತಾರೆ, ಆಗಿರಲಿ.

ನೀವು ಹೋದರೆ ಟ್ರಯಲ್ ಮನೆಯಲ್ಲೇ ಆಗಬೇಕು ಅನ್ನಿ. ಪ್ರಶ್ನೆ ಕೇಳುವವರು ಯಾರ ಸಂಬಳದವರು ಅಂತ ಮೊದಲು ಕೇಳಿ. ಬೇರೆ ಆಸ್ಪತ್ರೆಯ ಡಾಕ್ಟರನ್ನೂ ಕೇಳಿ, ನಾನು ಕೇಳಲಿಲ್ಲ.

ನಿನ್ನೆ ಮತ್ತೆ ಫೋನ್ ಬಂತು, ಆರನೇ ಪ್ರೋಗ್ರಾಂಗೆ ಇರಬೇಕು. ಎತ್ತಲಿಲ್ಲ.